ಅಂಡಮಾನಿನ ಹಸಿರು ಹಲ್ಲಿ: ಹಡಗಿನ ವಾದದ ಪರಿಶೀಲನೆ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಹಲ್ಲಿಯೆಂದರೆ ಇರುಳಿನಲ್ಲಿ ದೀಪದ ಬಳಿ ಹುಳುಗಳಿಗಾಗಿ ಕಾಯುವ ಬೂದುಬಣ್ಣದ ಪ್ರಾಣಿ. ನಿಪ್ಪಾಣಿ, ಕಾಗವಾಡಗಳ ಮರಾಠಿ ಮನೆಗಳಲ್ಲಿ ಇದೇ ‘ಪಾಲ’. ಆಡಿದ ಮಾತಿಗೆ ಅದು ಲೊಚಗುಟ್ಟಿದರೆ ಮಾತು ದಿಟವೆಂಬ ನಂಬಿಕೆಯೂ, ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ನೋಡುವ ರೂಢಿಯೂ ಉಂಟು. ಇದೇ ವರ್ಗದ, ಆದರೆ ಹಗಲಿನಲ್ಲಿ ಸಂಚರಿಸುವ ಗಿಳಿಹಸಿರು ಹಲ್ಲಿಯೊಂದು ಅಂಡಮಾನ್ ದ್ವೀಪಗಳಲ್ಲಿದೆ. ಗೇಣಿಗಿಂತ ಚಿಕ್ಕದಾದ ಇದರ ಬೆನ್ನಿನ ಮೇಲೆ ಕೆಂಪು ಚುಕ್ಕೆಗಳಿವೆ. ಇದು ಅಲ್ಲಿಗೆ ಬಂದುದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ.

ಪ್ರಶ್ನೆಗೆ ಕಾರಣವುಂಟು. 1825ರಲ್ಲಿ ಜಾನ್ ಎಡ್ವರ್ಡ್ ಗ್ರೇ ಸ್ಥಾಪಿಸಿದ ‘ಫೆಲ್ಸುಮ’ ಕುಲದ ಇತರ ಹಲ್ಲಿಗಳು ಮಡಗಾಸ್ಕರ್, ಮಾರಿಷಸ್, ಸೆಶೆಲ್ಸ್ ಮೊದಲಾದ ಪಶ್ಚಿಮದ ದ್ವೀಪಗಳಿಗೆ ಸೇರಿದವು. ನಡುವಣ ಸಮುದ್ರವಾದರೋ ನಾಲ್ಕು ಸಾವಿರ ಕಿಲೋಮೀಟರಿಗೂ ಮಿಗಿಲು. ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಅಂಡಮಾನಿನ ಹಲ್ಲಿಯನ್ನು 1861ರಲ್ಲಿ ವರ್ಣಿಸಿದನು. ಅದಕ್ಕೆ ಮೂರು ವರ್ಷಗಳ ಹಿಂದೆ, 1858ರಲ್ಲಿ, ಕರಿನೀರಿನ ಶಿಕ್ಷೆಗೆ ಗುರಿಯಾದ ಕೈದಿಗಳ ವಸಾಹತು ಅಲ್ಲಿ ಆರಂಭವಾಗಿದ್ದಿತು. 1789ರ ಮೊದಲ ವಸಾಹತು 1796ರಲ್ಲಿಯೇ ನಿಂತುಹೋಗಿದ್ದಿತು. ಆದ್ದರಿಂದ ಹಡಗುಗಳೇ ಇದನ್ನು ತಂದಿರಬೇಕೆಂದು ಊಹಿಸುವುದು ಸುಲಭ. ನಮ್ಮ ಮನೆಹಲ್ಲಿಗಳ ಬಳಗದ ಒಂದು ಜಾತಿ ಸರಕಿನೊಡನೆ ಪಸರಿಸಿ ಶಾಂತಸಾಗರದ ದ್ವೀಪಗಳನ್ನು ಸೇರಿದೆ. ಮಾರಿಷಸ್ಸಿನಲ್ಲಿ ಅಲ್ಲಿಯದೇ ಆದ ಇರುಳುಹಲ್ಲಿಗಳನ್ನು ನೆಲೆ ತಪ್ಪಿಸಿದೆ.

ಆದರೆ ಹಸಿರು ಹಲ್ಲಿಗೆ ಈ ವಾದ ಹೊಂದುವುದಿಲ್ಲ. ಎರಡು ಶತಮಾನಗಳ ಹಿಂದೆ ಹಡಗಿನಲ್ಲಿ ಬಂದಿದ್ದರೆ ಅದೇ ಜಾತಿ ಹೊರಟ ಬಂದರಿನ ನಾಡಿನಲ್ಲಿಯೂ ಇರಬೇಕಾಗಿದ್ದಿತು. ಅದು ಅಂಡಮಾನಿನ ಹೊರತು ಬೇರೆಲ್ಲಿಯೂ ಸಹಜವಾಗಿ ನೆಲೆಸಿಲ್ಲ. ಈ ಕುಲದ ಮೂಲ ಮಡಗಾಸ್ಕರವೆಂದೂ ಅಂಡಮಾನಿನ ಜಾತಿ ಅದರಲ್ಲಿ ಪ್ರತ್ಯೇಕ ಕವಲೆಂದೂ ಈ ಶತಮಾನದ ವಂಶವಾಹಿ ಸಂಶೋಧನೆಗಳಿಂದ ತಿಳಿದುಬರುತ್ತದೆ. ಅಂಥ ಕವಲು ಬೇರ್ಪಡಲು ವಸಾಹತಿನ ಅಲ್ಪಕಾಲ ಸಾಲದು. ಬಿರುಗಾಳಿಗೆ ಉರುಳಿ ಕಡಲಲ್ಲಿ ತೇಲಿದ ಮರದ ಮೇಲೆ ಹಲ್ಲಿಯೋ ಅದರ ಗಟ್ಟಿಚಿಪ್ಪಿನ ಮೊಟ್ಟೆಗಳೋ ಬಂದಿರಬೇಕೆಂಬುದೇ ಹೆಚ್ಚು ಸಂಭವನೀಯ.

ಇದರಿಂದ ಇತಿಹಾಸಕಾರನಿಗೆ ಒಂದು ಎಚ್ಚರಿಕೆ ದೊರೆಯುತ್ತದೆ. 1861 ಹಲ್ಲಿಗೆ ಹೆಸರು ಬಂದ ವರ್ಷವೇ ಹೊರತು ಹಲ್ಲಿ ಬಂದ ವರ್ಷವಲ್ಲ. ದಾಖಲೆಯ ಆರಂಭವನ್ನು ವಸ್ತುವಿನ ಆರಂಭವೆಂದು ಬಗೆದರೆ, ದ್ವೀಪಗಳ ಮೂಲನಿವಾಸಿಗಳ ದೀರ್ಘ ಬಾಳಿಗೂ ವಸಾಹತಿನ ಕಾಗದವೇ ಮೊದಲ ಪುಟವೆಂಬ ತಪ್ಪು ನಿರ್ಣಯಕ್ಕೆ ಬರಬೇಕಾಗುತ್ತದೆ.