ನೆಗೆಟಿವ್ ಬಿಂಬದ ವಿಪರ್ಯಯ: ರಸಾಯನಕ್ರಿಯೆಯಿಂದ ಗಣಿತಕ್ರಿಯೆಗೆ

೧. ವಿಷಯಪ್ರವೇಶ

ಬೆಳಕಿದ್ದೆಡೆಯಲ್ಲಿ ಕಪ್ಪನ್ನೂ ಕಪ್ಪಿದ್ದೆಡೆಯಲ್ಲಿ ಬೆಳಕನ್ನೂ ತೋರುವ ನೆಗೆಟಿವ್ ಎಂಬ ವಿಲೋಮಬಿಂಬವೇ ಛಾಯಾಚಿತ್ರಗಳಿಗೆ ಮೂಲಪ್ರತಿಯೆಂಬುದು ಸರ್ವವಿದಿತವಾಗಿದೆ. ಈ ವಿಲೋಮವನ್ನು ಅನುಲೋಮವಾಗಿಸಿ, ಕಣ್ಣಿಗೆ ಕಂಡಂತಹ ಪಾಸಿಟಿವ್ ಬಿಂಬವನ್ನು ಪಡೆಯುವ ಕಾರ್ಯವು ಒಂದೂವರೆ ಶತಮಾನದ ಕಾಲ ಕತ್ತಲೆಕೋಣೆಯಲ್ಲಿ ರಸಾಯನಗಳ ಮೂಲಕ ನಡೆಯಿತು. ಈಗ ಅದೇ ಕಾರ್ಯವನ್ನು ಗಣಕಯಂತ್ರದ ತಂತ್ರಾಂಶಗಳು ಅಂಕಿಗಳ ಮೂಲಕ ನಡೆಸುತ್ತಿವೆ. ಕರಿದನ್ನು ಬಿಳಿದಾಗಿಯೂ ಬಿಳಿದನ್ನು ಕರಿದಾಗಿಯೂ ಮಾಡುವುದರಲ್ಲಿ ಏನು ವಿಶೇಷವೆಂದು ಕೆಲವರು ಕೇಳಬಹುದು. ಆದರೆ ಈ ವಿಪರ್ಯಯವು ಕೇವಲ ವ್ಯವಕಲನವಲ್ಲ. ಅದು ಮೂಲಕ್ಕೆ ಮಾಡಿದ ಒಂದು ವ್ಯಾಖ್ಯಾನ. ಈ ಭೇದವನ್ನು ಅರಿಯದೆ, ಪಾಸಿಟಿವ್ ದೊರೆತ ಮೇಲೆ ಮೂಲವನ್ನು ಉಪೇಕ್ಷಿಸುವ ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ಇತಿಹಾಸದ ಪ್ರಮಾಣಗಳನ್ನೇ ಕಳೆದುಕೊಳ್ಳುವ ಭಯವುಂಟು. ಇದನ್ನು ಸ್ಥಾಪಿಸುವುದಕ್ಕಾಗಿ ಈ ವಿದ್ಯೆಯ ಇತಿಹಾಸವು ಇಲ್ಲಿ ಸಂಗ್ರಹವಾಗಿ ನಿರೂಪಿತವಾಗಿದೆ.

೨. ನೆಗೆಟಿವ್‌ನ ಉತ್ಪತ್ತಿ

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ವಿದ್ವಾಂಸನು ೧೮೩೫ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಲೇಕಾಕ್ ಅಬೆ ಎಂಬ ತನ್ನ ಮನೆಯ ಜಾಲಂಧ್ರದ ಬಿಂಬವನ್ನು ಬೆಳ್ಳಿಯ ಲವಣವನ್ನು ಲೇಪಿಸಿದ ಚಿಕ್ಕ ಕಾಗದದ ಮೇಲೆ ಹಿಡಿದನು. ಇಂದು ಉಳಿದಿರುವ ಕ್ಯಾಮರಾ ನೆಗೆಟಿವ್‌ಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದು. ೧೮೩೯ರಲ್ಲಿ ಫ್ರಾನ್ಸಿನ ಡಾಗೆರ್ ಪ್ರಕಟಿಸಿದ ವಿಧಾನದಲ್ಲಿ ಬೆಳ್ಳಿಯ ತಗಡಿನ ಮೇಲೆ ಒಂದೇ ಚಿತ್ರ ಮೂಡುತ್ತಿತ್ತು; ಅದಕ್ಕೆ ಪ್ರತಿಯೆಂಬುದಿರಲಿಲ್ಲ. ಟಾಲ್ಬಟನು ೧೮೪೧ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಾದರೋ ಒಂದು ನೆಗೆಟಿವ್‌ನಿಂದ ಅನೇಕ ಪ್ರತಿಗಳನ್ನು ತೆಗೆಯಬಹುದಾಗಿತ್ತು. ವಿಲೋಮ ಮತ್ತು ಅನುಲೋಮ ಬಿಂಬಗಳಿಗೆ ನೆಗೆಟಿವ್, ಪಾಸಿಟಿವ್ ಎಂಬ ಹೆಸರುಗಳನ್ನು ೧೮೪೦ರಲ್ಲಿ ರೂಢಿಗೆ ತಂದವನು ಖಗೋಳಜ್ಞನಾದ ಸರ್ ಜಾನ್ ಹರ್ಷಲ್. ಬೆಳಕು ತಾಗದ ಲವಣವನ್ನು ತೊಳೆದು ಬಿಂಬವನ್ನು ಸ್ಥಿರಗೊಳಿಸುವ ಹೈಪೊ ಎಂಬ ದ್ರವ್ಯದ ಗುಣವನ್ನು ೧೮೧೯ರಲ್ಲಿಯೇ ಕಂಡವನೂ ಆತನೇ.

೩. ವಿಜಯನಗರದ ಕಾಗದದ ನೆಗೆಟಿವ್‌ಗಳು

ಕಾಗದದ ನೆಗೆಟಿವ್‌ಗಳ ಮಹತ್ತ್ವಕ್ಕೆ ಕನ್ನಡನಾಡಿನಲ್ಲಿಯೇ ಉತ್ತಮ ನಿದರ್ಶನವುಂಟು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ೧೮೫೬ರ ಸುಮಾರಿನಲ್ಲಿ ಹಂಪೆಯ ಹಾಳುಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದನು. ಅವು ಬಹುಕಾಲ ವಿದ್ವಾಂಸರ ದೃಷ್ಟಿಗೆ ಬೀಳದೆ ಇಂಗ್ಲೆಂಡಿನಲ್ಲಿದ್ದು, ೧೯೮೦ರ ಸುಮಾರಿಗೆ ಮರಳಿ ಬೆಳಕಿಗೆ ಬಂದುವು. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಚಿತ್ರಕಾರರು ೧೯೮೩ರಲ್ಲಿ ಅವೇ ನೋಟಗಳನ್ನು ಮತ್ತೆ ತೆಗೆದುದರಿಂದ ಕಾಲಭೇದವನ್ನು ಪರೀಕ್ಷಿಸುವುದಕ್ಕೆ ಅನುಕೂಲವಾಯಿತು.

ಇವುಗಳಲ್ಲಿ ವಿಠ್ಠಲದೇವಾಲಯದ ಕಲ್ಲಿನ ರಥದ ಚಿತ್ರವು ಪ್ರಸಿದ್ಧವಾಗಿದೆ. ಈಗ ಶಿಖರವಿಲ್ಲದೆ ಕಾಣುವ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಆಗ ನಿಂತಿದ್ದುದು ಅದರಿಂದ ಪ್ರತ್ಯಕ್ಷವಾಗುವುದು. ಗ್ರಂಥಗಳ ಅನುಮಾನವಲ್ಲ, ಬೆಳಕೇ ಬರೆದಿಟ್ಟ ಸಾಕ್ಷ್ಯವಿದು. ಆದರೆ ಈ ಸಾಕ್ಷ್ಯವನ್ನು ಓದುವವನು ಒಂದು ಸಂಗತಿಯನ್ನು ಮರೆಯಬಾರದು. ಆ ಕಾಲದ ಬೆಳ್ಳಿಯ ಲವಣಗಳು ನೀಲ ಮತ್ತು ನೇರಿಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದುವು. ಆದುದರಿಂದ ನೀಲಿಯ ಆಕಾಶವು ಪಾಸಿಟಿವ್‌ನಲ್ಲಿ ಬರಿಯ ಬಿಳುಪಾಗಿ ತೋರುವುದು. ಕೆಂಪು ಇಟ್ಟಿಗೆಯು ನಿಜಕ್ಕಿಂತ ಕಪ್ಪಾಗಿ ತೋರುವುದು. ಯಾವ ತಂತ್ರಾಂಶವೂ ಈ ದೋಷವನ್ನು ತಾನಾಗಿ ತಿದ್ದಲಾರದು. ನೆಗೆಟಿವ್‌ನಲ್ಲಿಯೇ ಇಲ್ಲದುದನ್ನು ಗಣಿತವು ಸೃಷ್ಟಿಸಲಾರದಷ್ಟೆ.

೪. ಸಾಂದ್ರತೆಯ ನಿಯಮ

೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನ ಕೊಲೋಡಿಯನ್ ಗಾಜುಫಲಕಗಳೂ, ೧೮೭೧ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಸೂಚಿಸಿದ ಜೆಲಾಟಿನ್ ಒಣಫಲಕಗಳೂ ಕಾಗದದ ಸ್ಥಾನವನ್ನು ಆಕ್ರಮಿಸಿದುವು. ಅಷ್ಟಾದರೂ ನೆಗೆಟಿವ್‌ನ ಕಪ್ಪಿಗೂ ತಾಗಿದ ಬೆಳಕಿಗೂ ಇರುವ ಸಂಬಂಧವನ್ನು ಅಳೆದವರಿರಲಿಲ್ಲ. ಫರ್ಡಿನೆಂಡ್ ಹರ್ಟರ್ ಮತ್ತು ವೆರೊ ಚಾರ್ಲ್ಸ್ ಡ್ರಿಫೀಲ್ಡ್ ಎಂಬಿಬ್ಬರು ೧೮೯೦ರಲ್ಲಿ ಪ್ರಕಟಿಸಿದ ಪ್ರಬಂಧವೇ ಈ ವಿಷಯದಲ್ಲಿ ಸೂತ್ರಪ್ರಾಯವಾದುದು. ನೆಗೆಟಿವ್ ತನ್ನ ಮೂಲಕ ಹತ್ತರಲ್ಲೊಂದು ಪಾಲು ಬೆಳಕನ್ನು ಬಿಟ್ಟರೆ ಸಾಂದ್ರತೆ ೧. ನೂರರಲ್ಲೊಂದು ಪಾಲು ಬಿಟ್ಟರೆ ೨. ಎಂದರೆ ಸಾಂದ್ರತೆಯು ಲಘುಗಣಕದ ಮಾನದಲ್ಲಿದೆ. ತಾಗಿದ ಬೆಳಕಿನ ಲಘುಗಣಕವೂ ಈ ಸಾಂದ್ರತೆಯೂ ಮಧ್ಯಭಾಗದಲ್ಲಿ ಸರಳರೇಖೆಯಾಗಿ ಏರುವುವು. ತುದಿಗಳಲ್ಲಿ ರೇಖೆಯು ಬಾಗುವುದು. ಆ ಸರಳರೇಖೆಯ ಓಟಕ್ಕೆ ಗಾಮಾ ಎಂದು ಹೆಸರು.

ವ್ಯವಕಲನವು ಏಕೆ ಸಾಲದೆಂಬುದು ಇದರಿಂದಲೇ ಸಿದ್ಧವಾಗುವುದು. ನೆಗೆಟಿವ್‌ನ ಮೂರು ಸ್ಥಳಗಳು ಕ್ರಮವಾಗಿ ಬೆಳಕಿನ ಎರಡರಲ್ಲೊಂದು, ನಾಲ್ಕರಲ್ಲೊಂದು, ಎಂಟರಲ್ಲೊಂದು ಪಾಲನ್ನು ಬಿಡುವುವೆಂದಿಟ್ಟುಕೊಳ್ಳಬಹುದು. ಗಾಮಾ ೧ ಆಗಿದ್ದರೆ ಮೂಲದೃಶ್ಯದಲ್ಲಿ ಆ ಸ್ಥಳಗಳ ಬೆಳಕು ೨, ೪, ೮ ಎಂಬ ಪ್ರಮಾಣದಲ್ಲಿದ್ದಿತು. ಒಂದೊಂದೂ ಹಿಂದಿನದರ ಇಮ್ಮಡಿ. ಒಂದರಿಂದ ಕಳೆದರೆ ದೊರೆಯುವುದಾದರೋ ಎಂಟನೆಯ ಪಾಲಿನ ಲೆಕ್ಕದಲ್ಲಿ ೪, ೬, ೭. ಇಮ್ಮಡಿಯ ಕ್ರಮವು ಕೆಟ್ಟು, ಬೆಳಕಿನ ಭಾಗಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ವಿವರವು ನಶಿಸುವುದು. ಕಳೆಯುವುದರ ಬದಲು ವಿಲೋಮಭಾಗಾಹಾರ ಮಾಡಿದರೆ ೨, ೪, ೮ ಮರಳಿ ಬರುವುವು. ಸಾಮಾನ್ಯ ಬಣ್ಣದ ನೆಗೆಟಿವ್‌ಗಳ ಗಾಮಾ ೦.೬ರ ಸುತ್ತಮುತ್ತ ಇರುವುದರಿಂದ, ಈ ಭಾಗಾಹಾರಕ್ಕೆ ತಕ್ಕ ಘಾತವನ್ನೂ ಸೇರಿಸಬೇಕು. ಹಿಂದೆ ಈ ಲೆಕ್ಕವನ್ನು ಮಾಡುತ್ತಿದ್ದುದು ಅಚ್ಚಿನ ಕಾಗದವೇ. ನೆಗೆಟಿವ್‌ನ ಮಂದ ಓಟಕ್ಕೆ ಪೂರಕವಾಗುವಂತೆ ಕಾಗದದ ತೀವ್ರ ಓಟವನ್ನು ತಯಾರಕರು ಹೊಂದಿಸಿಡುತ್ತಿದ್ದರು.

೫. ಕಿತ್ತಳೆಯ ಮುಸುಕು

ಬಣ್ಣದ ನೆಗೆಟಿವ್‌ಗಳು ಬಂದ ಮೇಲೆ ಕಾರ್ಯವು ಮತ್ತಷ್ಟು ಕಠಿನವಾಯಿತು. ೧೯೩೯ರಲ್ಲಿ ಜರ್ಮನಿಯ ಆಗ್‌ಫಾ ಸಂಸ್ಥೆಯು ಚಲಚ್ಚಿತ್ರಗಳಿಗಾಗಿಯೂ, ೧೯೪೨ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯು ಕೊಡಾಕಲರ್ ಎಂಬ ಹೆಸರಿನಿಂದ ಸ್ಥಿರಚಿತ್ರಗಳಿಗಾಗಿಯೂ ಇಂತಹ ಫಿಲ್ಮುಗಳನ್ನು ತಂದುವು. ಇವುಗಳಲ್ಲಿ ಮೂರು ಪದರಗಳು. ಕೆಂಪಿಗೆ ಪ್ರತಿಯಾಗಿ ಹಸಿರುನೀಲಿ, ಹಸಿರಿಗೆ ಪ್ರತಿಯಾಗಿ ಮೆಜೆಂಟಾ, ನೀಲಿಗೆ ಪ್ರತಿಯಾಗಿ ಹಳದಿ ವರ್ಣಗಳು ಹುಟ್ಟುವುವು. ಆದರೆ ಯಾವ ವರ್ಣದ್ರವ್ಯವೂ ಶುದ್ಧವಲ್ಲ. ಮೆಜೆಂಟಾ ಹಸಿರನ್ನು ಮಾತ್ರವಲ್ಲದೆ ನೀಲಿಯನ್ನೂ ಕೊಂಚ ತಡೆಯುವುದು. ಹಸಿರುನೀಲಿಯು ಹಸಿರನ್ನೂ ಕೊಂಚ ತಡೆಯುವುದು. ಈ ಸಂಕರದಿಂದ ವರ್ಣಗಳು ಮಲಿನವಾಗುವುವು.

ಇದಕ್ಕೆ ೧೯೪೦ರ ದಶಕದಲ್ಲಿ ಕೊಡಾಕಿನ ವೆಸ್ಲಿ ಹ್ಯಾನ್ಸನ್ ಕಂಡುಹಿಡಿದ ಪರಿಹಾರವು ಸೂಕ್ಷ್ಮವಾದುದು. ವರ್ಣವನ್ನು ಹುಟ್ಟಿಸುವ ದ್ರವ್ಯಗಳಿಗೆ ಮೊದಲೇ ಹಳದಿಯ ಅಥವಾ ಕೆಂಪಿನ ಛಾಯೆಯನ್ನು ಕೊಡಲಾಯಿತು. ಎಲ್ಲಿ ವರ್ಣವು ಹುಟ್ಟುವುದೋ ಅಲ್ಲಿ ಆ ಛಾಯೆಯು ನಾಶವಾಗುವುದು. ಹೀಗೆ ಅನಿಷ್ಟವಾದ ತಡೆಯು ಫಿಲ್ಮಿನ ಎಲ್ಲ ಕಡೆಯಲ್ಲಿಯೂ ಸಮನಾಗಿ ಹರಡುವುದು. ಎಲ್ಲೆಡೆಯಲ್ಲಿಯೂ ಸಮನಾದುದನ್ನು ತೆಗೆದುಹಾಕುವುದು ಸುಲಭ. ಬಣ್ಣದ ನೆಗೆಟಿವ್‌ಗಳಲ್ಲಿ ಕಾಣುವ ಕಿತ್ತಳೆಯ ಬಣ್ಣವು ಈ ಸಮೀಕರಣದ ಫಲ. ಅದು ಕಲೆಯಲ್ಲ, ಶೋಧನೆಯ ಉಪಾಯ. ಬೆಳಕು ತಾಗದ ಅಂಚಿನಲ್ಲಿ ಅದರ ಶುದ್ಧಪ್ರಮಾಣವು ಕಾಣುವುದು. ಆದಕಾರಣ ಅಂಚನ್ನು ಕತ್ತರಿಸಿಬಿಟ್ಟು ಸ್ಕ್ಯಾನ್ ಮಾಡುವವರು ಮಾನದಂಡವನ್ನೇ ಬಿಸುಟಂತಾಗುವುದು.

೬. ಅಂಕಿಗಳಾದ ಬಿಂಬ

ಚಿತ್ರವನ್ನು ಅಂಕಿಗಳನ್ನಾಗಿ ಒಡೆಯುವ ಕಾರ್ಯವು ೧೯೫೭ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಮೊದಲಾಯಿತು. ರಸೆಲ್ ಕಿರ್ಷ್ ಎಂಬ ವಿಜ್ಞಾನಿಯು ತನ್ನ ಶಿಶುವಿನ ಭಾವಚಿತ್ರವನ್ನು ಉದ್ದಕ್ಕೆ ೧೭೬, ಅಗಲಕ್ಕೆ ೧೭೬ ಬಿಂದುಗಳಾಗಿ ಗಣಕಯಂತ್ರಕ್ಕೆ ಊಡಿದನು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿ.ಸಿ.ಡಿ. ಎಂಬ ಗ್ರಾಹಕವು ಸ್ಕ್ಯಾನರುಗಳನ್ನು ಸುಲಭಗೊಳಿಸಿತು.

ನೆಗೆಟಿವ್‌ನ ಸ್ವಭಾವವನ್ನರಿತು ಅಂಕಿಗಳನ್ನು ಹೊಂದಿಸಿದ ಕ್ರಮಗಳಲ್ಲಿ ಕೊಡಾಕ್ ಸಂಸ್ಥೆಯು ೧೯೯೦ರ ದಶಕದ ಆರಂಭದಲ್ಲಿ ಚಲಚ್ಚಿತ್ರಗಳಿಗಾಗಿ ರಚಿಸಿದ ಸಿನಿಯಾನ್ ಪದ್ಧತಿಯು ಮುಖ್ಯವಾದುದು. ಅದರಲ್ಲಿ ೧೦೨೪ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೂ ಸಾಂದ್ರತೆಯ ೦.೦೦೨ ಭಾಗ. ೯೫ನೆಯ ಮೆಟ್ಟಿಲು ಕಪ್ಪಿಗೂ ೬೮೫ನೆಯದು ಬಿಳಿಗೂ ಗುರುತು. ಅದರ ಮೇಲಿನವು ಅತಿಯಾದ ಬೆಳಕಿಗೆ ಮೀಸಲು. ಹರ್ಟರ್ ಡ್ರಿಫೀಲ್ಡರ ಲಘುಗಣಕವೇ ಇಲ್ಲಿ ಅಂಕಿಗಳ ರೂಪವನ್ನು ತಾಳಿದೆಯೆಂದು ಹೇಳಬಹುದು. ೧೯೩೭ರ ‘ಸ್ನೋ ವೈಟ್’ ಚಲಚ್ಚಿತ್ರವು ೧೯೯೩ರಲ್ಲಿ ಈ ಪದ್ಧತಿಯಿಂದ ಪೂರ್ತಿಯಾಗಿ ಅಂಕಿಗಳಾಗಿ, ಶೋಧಿತವಾಗಿ, ಮತ್ತೆ ಫಿಲ್ಮಿಗೆ ಇಳಿಯಿತು.

೭. ತಂತ್ರಾಂಶಗಳ ಮತಭೇದ

ಈಚಿನ ತಂತ್ರಾಂಶಗಳಲ್ಲಿ ಮೂರು ಮಾರ್ಗಗಳನ್ನು ಗುರುತಿಸಬಹುದು. ಮೊದಲನೆಯದು ಫಿಲ್ಮಿನ ಜಾತಿಯನ್ನು ಪ್ರಮಾಣವಾಗಿಟ್ಟುಕೊಳ್ಳುವ ಮಾರ್ಗ. ಜರ್ಮನಿಯ ಸಿಲ್ವರ್‌ಫಾಸ್ಟ್ ತಂತ್ರಾಂಶದ ನೆಗಾಫಿಕ್ಸ್ ಎಂಬ ಭಾಗದಲ್ಲಿ ಒಂದೊಂದು ಫಿಲ್ಮಿಗೂ ಒಂದೊಂದು ಸಿದ್ಧಸೂತ್ರವಿದೆ. ೧೯೯೮ರಲ್ಲಿ ಎಡ್ ಹ್ಯಾಮ್ರಿಕ್ ರಚಿಸಿದ ವ್ಯೂಸ್ಕ್ಯಾನ್‌ನಲ್ಲಿಯೂ ಫಿಲ್ಮಿನ ಹೆಸರನ್ನು ಆರಿಸಬಹುದು. ಎರಡನೆಯದು ಚಿತ್ರದಲ್ಲಿರುವ ಬೂದುಬಣ್ಣದ ಸ್ಥಳಗಳನ್ನು ಪ್ರಮಾಣವಾಗಿ ಕೊಳ್ಳುವ ಮಾರ್ಗ. ೨೦೧೯ರ ರಾ ಥೆರಪಿ ತಂತ್ರಾಂಶವು ಅಂತಹ ಎರಡು ಸ್ಥಳಗಳಿಂದ ಮೂರು ವರ್ಣಗಳ ಘಾತಗಳನ್ನು ಗಣಿಸುತ್ತದೆ. ಮೂರನೆಯದು ಫಿಲ್ಮಿನ ಅಂಚಿನ ವರ್ಣವನ್ನಳೆದು ಸಾಂದ್ರತೆಯ ಮಾರ್ಗದಲ್ಲಿ ಸಾಗುವುದು. ೨೦೨೦ರಲ್ಲಿ ಡಾರ್ಕ್‌ಟೇಬಲ್‌ಗೆ ಸೇರಿದ ನೆಗಾಡಾಕ್ಟರ್ ಎಂಬ ಭಾಗವು ಸಿನಿಯಾನ್ ಪದ್ಧತಿಯನ್ನೇ ಆಧರಿಸಿದೆ.

ಒಂದೇ ನೆಗೆಟಿವ್ ಈ ಮೂರು ಮಾರ್ಗಗಳಲ್ಲಿ ಮೂರು ಪಾಸಿಟಿವ್‌ಗಳಾಗಿ ಪರಿಣಮಿಸುವುದು. ಫಿಲ್ಮು ಹಳೆಯದಾಗಿ ವರ್ಣಗಳು ಮಾಸಿದ್ದರೆ ಸಿದ್ಧಸೂತ್ರವು ತಪ್ಪುವುದು. ದೃಶ್ಯದಲ್ಲಿ ನಿಜವಾದ ಬೂದುಬಣ್ಣವಿಲ್ಲದಿದ್ದರೆ ಎರಡನೆಯದು ತಪ್ಪುವುದು. ಅಂಚು ಕೆಟ್ಟಿದ್ದರೆ ಮೂರನೆಯದು ತಪ್ಪುವುದು. ವ್ಯಾಖ್ಯಾನಕಾರರು ಮೂವರಿದ್ದರೂ ಮೂಲವು ಒಂದೇ ಎಂಬ ನ್ಯಾಯವು ಇಲ್ಲಿಯೂ ಸಲ್ಲುವುದು.

೮. ಎಡಬಲಗಳ ವಿಪರ್ಯಯ

ಬೆಳಕು ಕತ್ತಲೆಗಳಿಗಿಂತಲೂ ಪುರಾತತ್ತ್ವಜ್ಞರು ಹೆಚ್ಚಾಗಿ ಅಂಜಬೇಕಾದುದು ಎಡಬಲಗಳ ವಿಪರ್ಯಯಕ್ಕೆ. ನೆಗೆಟಿವ್‌ನ ಹೊಳಪಿನ ಮಗ್ಗುಲು ನೋಡುಗನ ಕಡೆಗೂ, ಲೇಪದ ಮಂಕು ಮಗ್ಗುಲು ಆಚೆಗೂ ಇದ್ದರೆ ಬಿಂಬದ ದಿಕ್ಕು ಸರಿಯಾಗಿರುವುದು. ಮಗುಚಿಟ್ಟು ಸ್ಕ್ಯಾನ್ ಮಾಡಿದರೆ ತಂತ್ರಾಂಶವು ಅದನ್ನು ಅರಿಯದು. ಶಾಸನದ ಚಿತ್ರವಾದರೆ ಅಕ್ಷರಗಳೇ ತಪ್ಪನ್ನು ಸಾರುವುವು. ವಿಗ್ರಹದ ಚಿತ್ರವಾದರೆ ಸಾರುವವರಿಲ್ಲ.

ವಿಷ್ಣುವಿನ ಇಪ್ಪತ್ತುನಾಲ್ಕು ಮೂರ್ತಿಗಳಿಗೆ ಆಯುಧಗಳ ಕ್ರಮವೇ ಲಕ್ಷಣ. ಅಗ್ನಿಪುರಾಣದ ಕ್ರಮದಂತೆ, ಕೆಳಗಣ ಬಲಗೈಯಿಂದ ತೊಡಗಿ ಪ್ರದಕ್ಷಿಣವಾಗಿ ಎಣಿಸಿದರೆ ಕೇಶವನಿಗೆ ಪದ್ಮ, ಶಂಖ, ಚಕ್ರ, ಗದೆ. ಮಾಧವನಿಗೆ ಗದೆ, ಚಕ್ರ, ಶಂಖ, ಪದ್ಮ. ಒಂದು ಇನ್ನೊಂದರ ಕನ್ನಡಿಯ ಬಿಂಬ. ಎಂದಮೇಲೆ ಮಗುಚಿದ ನೆಗೆಟಿವ್‌ನಿಂದ ಕೇಶವನೇ ಮಾಧವನಾಗಿ ತೋರುವನು. ಅದನ್ನು ನಂಬಿ ಬರೆದ ದೇವಾಲಯದ ವರ್ಣನೆಯೂ ಹಾಗೆಯೇ ಕೆಡುವುದು. ಹೊಯ್ಸಳ ದೇವಾಲಯಗಳ ಭಿತ್ತಿಗಳಲ್ಲಿ ಇಂತಹ ಮೂರ್ತಿಗಳು ಸಾಲುಸಾಲಾಗಿರುವುದರಿಂದ ಈ ಎಚ್ಚರಿಕೆಯು ಕನ್ನಡನಾಡಿನ ಸಂಶೋಧಕರಿಗೆ ವಿಶೇಷವಾಗಿ ಅವಶ್ಯಕ.

೯. ಉಪಸಂಹಾರ

ನೈಟ್ರೇಟ್ ಫಿಲ್ಮು ಉರಿಯುವ ಸ್ವಭಾವದ್ದು, ಅಸಿಟೇಟ್ ಫಿಲ್ಮು ಕಾಲಕ್ರಮದಲ್ಲಿ ಹುಳಿನಾರಿ ಸುಕ್ಕುಗಟ್ಟುವುದು, ಗಾಜು ಒಡೆಯುವುದು. ಆದುದರಿಂದ ನೆಗೆಟಿವ್‌ಗಳನ್ನು ಅಂಕಿಗಳನ್ನಾಗಿ ಉಳಿಸುವುದು ಅತ್ಯಾವಶ್ಯಕವೆಂಬುದರಲ್ಲಿ ವಿವಾದವಿಲ್ಲ. ಆದರೆ ಉಳಿಸಬೇಕಾದುದು ಯಾವುದು? ೨೫೬ ಮೆಟ್ಟಿಲುಗಳಿಗೆ ಕುಗ್ಗಿಸಿದ ಪಾಸಿಟಿವ್ ಒಂದನ್ನೇ ಇಟ್ಟುಕೊಂಡರೆ, ವ್ಯಾಖ್ಯಾನವನ್ನಿಟ್ಟುಕೊಂಡು ಮೂಲದ ಓಲೆಯನ್ನು ಹೊಳೆಗೆ ಬಿಟ್ಟಂತಾಗುವುದು. ಅಂಚುಸಹಿತವಾಗಿ, ವಿಪರ್ಯಯಗೊಳಿಸದೆ, ಸ್ಕ್ಯಾನರು ಅಳೆದ ಅಂಕಿಗಳನ್ನು ಕುಗ್ಗಿಸದೆ ನೆಗೆಟಿವ್‌ನ ರೂಪದಲ್ಲಿಯೇ ಮೊದಲು ರಕ್ಷಿಸಬೇಕು. ಪಾಸಿಟಿವ್‌ನೊಡನೆ ಅದನ್ನು ಪಡೆದ ತಂತ್ರಾಂಶದ ಹೆಸರನ್ನೂ ಮಾರ್ಗವನ್ನೂ ಬಿಂಬದ ದಿಕ್ಕನ್ನೂ ಬರೆದಿಡಬೇಕು. ಸಾಧ್ಯವಾದಷ್ಟು ಕಾಲ ನೆಗೆಟಿವ್ಅನ್ನೂ ತಂಪಾದ ಒಣ ಸ್ಥಳದಲ್ಲಿ ಕಾಪಾಡಬೇಕು. ಗ್ರೀನ್‌ಲಾನ ಕಾಗದಗಳು ಒಂದು ಶತಮಾನಕ್ಕೂ ಮೇಲ್ಪಟ್ಟು ಅಜ್ಞಾತವಾಗಿದ್ದರೂ ನಷ್ಟವಾಗದೆ ಉಳಿದುದರಿಂದಲ್ಲವೆ ಕಲ್ಲಿನ ರಥದ ಶಿಖರವು ಇಂದಿನವರಿಗೆ ದೃಷ್ಟಿಗೋಚರವಾದುದು? ಮುಂದೆ ಇನ್ನೂ ಉತ್ತಮವಾದ ಗಣಿತವು ಹುಟ್ಟಬಹುದು. ಆ ಗಣಿತಕ್ಕೆ ಓದಲು ಮೂಲವು ಉಳಿದಿರಬೇಕು.