ನಿಮ್ಮ ಭಾಷೆ ಯಾವುದು?

ಕಳೆದ ಸುಗ್ಗಿಯಲ್ಲಿ ಸಿರುಗುಪ್ಪಕ್ಕೆ ಹೋಗಿದ್ದೆ. ನನ್ನ ಸೋದರಮಾವನವರ ಮನೆ ಅಲ್ಲಿಯೇ. ಮಾವನವರಿಗೆ ಎಂಬತ್ತು ದಾಟಿದೆ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆದು ಆಯುಷ್ಯ ಕಳೆದವರು, ಅಕ್ಷರ ಮುತ್ತಿನಂತೆ. ಅವರ ಹಳೆಯ ಗುಂಡಿಯೊತ್ತುವ ಫೋನು ಕೆಟ್ಟುಹೋಗಿ, ಬೆಂಗಳೂರಿನ ಮಗ ಹೊಸದೊಂದು ಆಂಡ್ರಾಯ್ಡ್ ಫೋನು ಕಳಿಸಿದ್ದ. ಡಬ್ಬಿ ಬಿಚ್ಚಿರಲಿಲ್ಲ. ನಾನು ಹೋದೊಡನೆ ಅದನ್ನು ನನ್ನ ಕೈಗಿತ್ತು, “ನೀನು ಪಟ್ಟಣದಾಗ ಇರಾವ, ಇದನ್ನಿಷ್ಟು ಶುರು ಮಾಡಿ ಕೊಡಪ್ಪ” ಎಂದರು.

ಸಿಮ್ ಕಾರ್ಡು ಹಾಕಿ, ಪಕ್ಕದ ಗುಂಡಿಯನ್ನು ಅದುಮಿ ಹಿಡಿದೆ. ಪರದೆ ಬೆಳಗಿತು. ಮೊದಲು ಕಾಣಿಸಿದ್ದು ಒಂದು ಸ್ವಾಗತದ ಮಾತು, ಅದರ ಕೆಳಗೆ ಭಾಷೆಗಳ ಪಟ್ಟಿ. ಇಂಗ್ಲಿಷ್ ಎಂಬುದು ಆಗಲೇ ಆಯ್ಕೆಯಾಗಿ ಕುಳಿತಿತ್ತು. ಅಭ್ಯಾಸಬಲದಿಂದ ನಾನು ಮುಂದಕ್ಕೆ ಒತ್ತಿಬಿಟ್ಟೆ.

“ಅದೇನದು, ಸರಸರ ದಾಟಿಸಿಬಿಟ್ಟಿ?” ಎಂದರು ಮಾವ.

“ಭಾಷೆ ಯಾವುದು ಅಂತ ಕೇಳಿತು ಮಾವ. ಇಂಗ್ಲಿಷ್ ಅಂತ ಒತ್ತಿದೆ.”

“ಫೋನು ನಂದು. ಕೇಳಿದ್ದು ನನ್ನ. ಹೇಳಿದಾವ ನೀನು!”

ನಾನು ಪೆಚ್ಚಾಗಿ ಹಿಂದಕ್ಕೆ ಬಂದು, ಪಟ್ಟಿಯನ್ನು ಮೇಲಕ್ಕೆ ಸರಿಸುತ್ತ ಹೋದೆ. ಕನ್ನಡ ಸಿಕ್ಕಿತು. ಮಾವನವರು ತಾವೇ ಬೆರಳೂರಿ ಒತ್ತಿದರು.

ಅಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಈ ಪ್ರಸಂಗವನ್ನೇ ಯೋಚಿಸಿದೆ. ಈ ಪ್ರಶ್ನೆ ಈ ಸೀಮೆಗೆ ಹೊಸದೇನೂ ಅಲ್ಲ. ಇಲ್ಲಿಯ ಜನರನ್ನು ಕಾಲಕಾಲಕ್ಕೆ ಬಂದ ಸರಕಾರಗಳು, ಯಂತ್ರಗಳು, ಹೊರಗಿನ ವಿದ್ವಾಂಸರು ಇದೇ ಪ್ರಶ್ನೆಯನ್ನು ಕೇಳಿದ್ದಾರೆ; ಕೆಲವೊಮ್ಮೆ ಕೇಳದೆಯೇ ತಾವೇ ಉತ್ತರ ಕೊಟ್ಟುಕೊಂಡಿದ್ದಾರೆ, ನಾನು ಕೊಟ್ಟಂತೆ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ 1970ರ ದಶಕದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಬೆಳಕಿಗೆ ಬಂದವು. ಕ್ರಿಸ್ತಪೂರ್ವ ಮೂರನೆಯ ಶತಮಾನದವು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೇ ಹೇಳುವ ಶಾಸನಗಳು ಬಹು ವಿರಳ. 1915ರಲ್ಲಿ ದೊರೆತ ರಾಯಚೂರು ಜಿಲ್ಲೆಯ ಮಸ್ಕಿಯದು ಅಂಥದೊಂದು. ಆ ಸಾಲಿಗೆ ನಮ್ಮ ಈ ಎರಡು ಹಳ್ಳಿಗಳೂ ಸೇರಿದವು. ಅವುಗಳ ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ತುಂಗಭದ್ರೆಯ ದಂಡೆಯ ಜನರಿಗೆ ದೂರದ ಉತ್ತರದ ದೊರೆ ತನ್ನ ಸಂದೇಶವನ್ನು ತನ್ನ ಆಡಳಿತದ ಭಾಷೆಯಲ್ಲಿ ಕಳಿಸಿದ. ಅದನ್ನು ಜನಕ್ಕೆ ತಿಳಿಸುವ ಹೊಣೆ ಅಧಿಕಾರಿಗಳದಾಯಿತು. ಓದಿ ಹೇಳುವವನೊಬ್ಬ ನಡುವೆ ಬೇಕೇ ಬೇಕು. ಆದರೆ ಆ ಬ್ರಾಹ್ಮಿಯೇ ಶತಮಾನಗಳ ಮೇಲೆ ಬೆಳೆದು ಬಳುಕಿ ಕನ್ನಡ ಲಿಪಿಯಾಯಿತು. ಮಾವನವರ ಫೋನಿನ ಪರದೆಯ ಮೇಲೆ ಮೂಡಿದ ದುಂಡು ಅಕ್ಷರಗಳ ಮೂಲ ಅವರ ಮನೆಯಿಂದ ಕೆಲವೇ ಹರದಾರಿಯ ಬಂಡೆಗಳ ಮೇಲಿದೆ ಎಂದರೆ ಅತಿಶಯೋಕ್ತಿಯಾಗದು.

ಎರಡನೆಯ ಬಾರಿ ಈ ಪ್ರಶ್ನೆಯನ್ನು ಎತ್ತಿದ್ದು ಅಚ್ಚುಕೂಟ. 1800ರಲ್ಲಿ ಬಳ್ಳಾರಿ ಸೀಮೆ ‘ದತ್ತ ಮಂಡಲ’ವಾಗಿ ನಿಜಾಮನಿಂದ ಇಂಗ್ಲಿಷರ ಕೈಸೇರಿ, ಥಾಮಸ್ ಮನ್ರೋ ಅದರ ಕಲೆಕ್ಟರನಾದ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೈಹಾಕಿದ. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಅವರ ಉದ್ದೇಶ ಮತಪ್ರಚಾರವೆಂಬುದು ನಿಜ. ಆದರೂ ಜನರನ್ನು ಮುಟ್ಟಬೇಕಾದರೆ ಜನರ ಮಾತಿನಲ್ಲೇ ಮುಟ್ಟಬೇಕೆಂಬ ತಿಳಿವಳಿಕೆ ಅವರಿಗಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ, ಕನ್ನಡದ ಮೊದಲ ಪತ್ರಿಕೆಯೆನಿಸಿದ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರುವರ್ಷ, 1844ರಲ್ಲಿ, ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚುಮೊಳೆಗಳಲ್ಲಿ ಮುದ್ರಣವಾಗತೊಡಗಿತು. ಇಡೀ ನಾಡಿನ ಹೆಸರು ಹೊತ್ತ ಪತ್ರಿಕೆಗೆ ಮೊಳೆ ಜೋಡಿಸಿಕೊಟ್ಟ ಊರು ನಮ್ಮ ಬಳ್ಳಾರಿ.

ಮೂರನೆಯ ಬಾರಿ ಕೇಳಿದ್ದು ಸರಕಾರ. 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯವನ್ನು ಒಡೆದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯೂ ಹೋಳಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪವೂ ಸೇರಿ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಂತೂ ವಿವಾದ ಬಲವಾಗಿ, ನ್ಯಾಯಮೂರ್ತಿ ಎಲ್. ಎಸ್. ಮಿಶ್ರರು ಪ್ರತ್ಯೇಕ ವಿಚಾರಣೆ ನಡೆಸಬೇಕಾಯಿತು. ಆಗ ಮಾವನವರು ಎಂಟೊಂಬತ್ತು ವರ್ಷದ ಹುಡುಗ. “ನಮ್ಮ ಸೋದರತ್ತೆ ಆದವಾನಿಯಾಗ ಇದ್ದಳು. ಬೆಳಗಾಗೋದರಾಗ ಬೇರೆ ರಾಜ್ಯದಾಕಿ ಆಗಿಬಿಟ್ಟಳು” ಎಂದು ಈಗಲೂ ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ನೆರೆಮನೆಯಲ್ಲಿ ಉರ್ದು ಕೇಳಿ ಬೆಳೆದವರಿಗೆ ಒಂದೇ ಉತ್ತರ ಕೊಡಬೇಕಾದ ಪ್ರಶ್ನೆ ಕಷ್ಟದ್ದೇ. ಆದರೂ ಶಾಲೆ, ಕಚೇರಿ, ನ್ಯಾಯಾಲಯಗಳು ತಮ್ಮ ನುಡಿಯಲ್ಲಿ ನಡೆಯಬೇಕೆಂಬ ಆಸೆಯೇ ಅಂದಿನ ಹೋರಾಟದ ತಿರುಳಾಗಿತ್ತು.

ಇನ್ನು ನಾಲ್ಕನೆಯದು, ಕೈಯಲ್ಲಿ ಹಿಡಿಯುವ ಈ ಯಂತ್ರ. ಇದು ಕನ್ನಡ ಕಲಿತ ಕಥೆಯೂ ಸಣ್ಣದಲ್ಲ.

ಅಚ್ಚುಕೂಟದಲ್ಲಿ ಒತ್ತಕ್ಷರಗಳಿಗಾಗಿ ನೂರಾರು ಬೇರೆ ಬೇರೆ ಮೊಳೆಗಳು ಬೇಕಾಗುತ್ತಿದ್ದವು. ಗಣಕಯಂತ್ರ ಬಂದಾಗ ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಉಚ್ಚಾರಣೆಯ ಕ್ರಮದಿಂದ ಇಡೀ ಕನ್ನಡವನ್ನು ಮೂಡಿಸುವ ಜಾಣ ಉಪಾಯವನ್ನು ಕಂಡುಹಿಡಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆದರೆ ಅಂದಿನ ಅಕ್ಷರವಿನ್ಯಾಸಗಳಿಗೆ ಒಂದೊಂದಕ್ಕೆ ಒಂದೊಂದು ಗುಟ್ಟಿನ ಲೆಕ್ಕ. ಒಂದು ಯಂತ್ರದಲ್ಲಿ ಬರೆದ ಕನ್ನಡ, ಅದೇ ಅಕ್ಷರವಿನ್ಯಾಸವಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಬೀಳುತ್ತಿತ್ತು.

ಇದಕ್ಕೆ ಮದ್ದು ಯೂನಿಕೋಡ್. 1991ರಲ್ಲಿ ಹೊರಬಂದ ಈ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ‘ಕ್ಷ’ ಎಂದು ಬರೆದರೆ ಯಂತ್ರದ ಒಳಗೆ ಉಳಿಯುವುದು ಮೂರೇ ಅಂಕಗಳು: ಕಕಾರದ್ದು, ಅದರ ಸ್ವರ ತೆಗೆಯುವ ಚಿಹ್ನೆಯದು, ಷಕಾರದ್ದು. ಅವನ್ನು ಕೂಡಿಸಿ ಅಂದವಾದ ಒಂದಕ್ಷರವಾಗಿ ತೋರಿಸುವುದು ಪರದೆಯ ಕೆಲಸ. ಮೊಳೆ ಜೋಡಿಸುವವನ ಕೈಕೆಲಸವೆಲ್ಲ ಈ ಲೆಕ್ಕದೊಳಗೆ ಅಡಗಿತು.

ಆಂಡ್ರಾಯ್ಡ್ ಸಂಸ್ಥೆ ಅಮೆರಿಕದಲ್ಲಿ ಹುಟ್ಟಿದ್ದು 2003ರಲ್ಲಿ. 2005ರಲ್ಲಿ ಅದನ್ನು ಗೂಗಲ್ ಕೊಂಡಿತು. ಅದರ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಆಗಿನ ಫೋನುಗಳಲ್ಲಿ ಕನ್ನಡದ ಸಂದೇಶ ಬಂದರೆ ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. 2012ರ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಜಾಗ ದೊರೆಯಿತು. 2014ರಲ್ಲಿ ಫೋನಿನ ಆಜ್ಞೆ, ಸೂಚನೆಗಳೇ ಕನ್ನಡದಲ್ಲಿ ಬಂದವು. 2016ರಿಂದ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ನಮ್ಮ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿಡಲು ಬಂತು. 2017ರಲ್ಲಿ ಗೂಗಲ್‌ನ ಕೀಲಿಮಣೆ ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುವುದನ್ನೂ ಕಲಿತಿತು.

ಇಷ್ಟೆಲ್ಲ ಜನರ ದುಡಿಮೆಯ ಫಲ ಮಾವನವರ ಅಂಗೈಯಲ್ಲಿತ್ತು. ನಾನು ಅದನ್ನು ಒಂದೇ ಒತ್ತಿಗೆ ದಾಟಿಸಿಬಿಟ್ಟಿದ್ದೆ!

ಇದರಲ್ಲಿ ಏನು ಮಹಾ ನಷ್ಟ ಎಂದು ಯಾರಾದರೂ ಕೇಳಬಹುದು. ಮರುದಿನ ಬೆಳಿಗ್ಗೆ ಮಿಕ್ಕ ಕೆಲಸ ಮುಗಿಸುವಾಗ ಅದಕ್ಕೆ ಉತ್ತರ ದೊರೆಯಿತು. ಹೊಸ ಫೋನು ಮೊದಲ ಗಳಿಗೆಯಲ್ಲಿ ಹತ್ತಾರು ಅನುಮತಿಗಳನ್ನು ಕೇಳುತ್ತದೆ. ಗೂಗಲ್ ಖಾತೆಯ ಹೆಸರು, ಗುಪ್ತಪದ ಕೇಳುತ್ತದೆ. ಬೀಗಕ್ಕೆ ಗುಪ್ತಸಂಖ್ಯೆಯನ್ನೋ ಬೆರಳಚ್ಚನ್ನೋ ಕೇಳುತ್ತದೆ. ಆಮೇಲೆ ಒಂದೊಂದು ಆಪ್ ಹಾಕಿಕೊಂಡಾಗಲೂ, ನಿಮ್ಮ ಪರಿಚಿತರ ಪಟ್ಟಿ ನೋಡಲೆ, ನೀವಿರುವ ಜಾಗ ತಿಳಿಯಲೆ ಎಂದು ವಿಚಾರಿಸುತ್ತದೆ. ಇವೆಲ್ಲ ಅರ್ಥವಾಗದ ಭಾಷೆಯಲ್ಲಿದ್ದರೆ ವೃದ್ಧರು ಮಾಡುವುದು ಎರಡರಲ್ಲೊಂದು: ಎಲ್ಲಕ್ಕೂ ‘ಹೂಂ’ ಎನ್ನುವುದು, ಇಲ್ಲವೆ ಕಂಡವರ ಕೈಗೆ ಫೋನು ಕೊಡುವುದು. ಎರಡೂ ಅಪಾಯವೇ. ಬ್ಯಾಂಕಿನ ಹಣ ಇದೇ ಫೋನಿನಲ್ಲಿ ಓಡಾಡುವ ಕಾಲದಲ್ಲಿ, ಓದಿ ಹೇಳುವವನಿಗೆ ಕಾಯುವವನು ಮೋಸ ಹೋಗುವುದು ಸುಲಭ.

ಆದಕಾರಣ ನಾನು ಅವಸರ ಬಿಟ್ಟೆ. ಮನೆಯ ವೈಫೈ ಇಲ್ಲದುದರಿಂದ ಸಿಮ್ಮಿನ ಅಂತರ್ಜಾಲವನ್ನೇ ಜೋಡಿಸಿದೆವು. ಒಂದೊಂದು ಪುಟವನ್ನೂ ಮಾವನವರೇ ಗಟ್ಟಿಯಾಗಿ ಓದಿ, ಬೇಕಾದುದಕ್ಕೆ ಒಪ್ಪಿ, ಬೇಡವಾದುದಕ್ಕೆ ಬೇಡವೆಂದರು. ಅನುವಾದದ ಕನ್ನಡ ಅಲ್ಲಲ್ಲಿ ಬಿಗಿಯಾಗಿತ್ತು, “ಇದು ಯಾವ ಸೀಮೆ ಕನ್ನಡಪ್ಪ!” ಎಂದು ನಕ್ಕರೂ ಅರ್ಥ ಬಿಡಿಸಿಕೊಂಡರು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರಗಳ ಗಾತ್ರ ದೊಡ್ಡದು ಮಾಡಿದೆವು. ಗುಪ್ತಸಂಖ್ಯೆಯನ್ನು ಅವರು ನನಗೆ ಬೆನ್ನು ಮಾಡಿ ಒತ್ತಿದರು. ನನಗೆ ಸಂತೋಷವೇ ಆಯಿತು. ಫೋನಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬಾರದು, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ, ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು—ಈ ಮೂರು ಮಾತುಗಳನ್ನು ಅವರು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರು.

ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ತೆಲುಗನ್ನೂ ಸೇರಿಸು ಎಂದರು. ಆದವಾನಿಯ ಸೋದರತ್ತೆಯ ಮೊಮ್ಮಕ್ಕಳು ತೆಲುಗಿನಲ್ಲೇ ಬರೆಯುತ್ತಾರಂತೆ. ಗಡಿಗೆರೆ ಎಳೆದವರಿಗೆ ಮಾಡಲಾಗದ್ದನ್ನು ಈ ಪಟ್ಟಿ ಸುಲಭವಾಗಿ ಮಾಡಿತು: ಒಂದನ್ನು ಮೊದಲು ಇಟ್ಟುಕೊಳ್ಳುವುದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಲಿಲ್ಲ.

ಎಲ್ಲ ಮುಗಿದ ಮೇಲೆ ಮಾವನವರು ಕೀಲಿಮಣೆಯ ಮೈಕಿನ ಗುರುತನ್ನು ಒತ್ತಿ, ಮಗನಿಗೆ ಮೊದಲ ಸಂದೇಶ ನುಡಿದರು: ಫೋನು ಮುಟ್ಟಿತು, ಭತ್ತ ಒಕ್ಕಿಯಾಯಿತು, ನೀನು ಬಂದು ಹೋಗು ಎಂದು. ಅಕ್ಷರಗಳು ಒಂದೊಂದೇ ಮೂಡುವುದನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ತಪ್ಪು ಬಿದ್ದ ಒಂದು ಒತ್ತನ್ನು ತಾವೇ ತಿದ್ದಿದರು. ಲೆಕ್ಕದ ಪುಸ್ತಕ ತಿದ್ದಿದ ಕೈಯಲ್ಲವೆ?

ಸ್ವಲ್ಪ ಹೊತ್ತಿಗೆ ಮಗನ ಉತ್ತರ ಬಂತು. ಮಾತು ಕನ್ನಡದ್ದೇ, ಬರೆದದ್ದು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ. ಮಾವನವರು ಅದನ್ನು ಎರಡು ಸಲ ಕೂಡಿಸಿ ಓದಿ, ಫೋನನ್ನು ನನ್ನ ಕಡೆ ಚಾಚಿ ಹೇಳಿದರು:

“ಪಾಪ, ಅವನಿಗೆ ಯಾರೂ ಫೋನು ಶುರು ಮಾಡಿ ಕೊಟ್ಟಿಲ್ಲ ಕಾಣ್ತೈತಿ.”