ಒಂದು ಪಯಣ, ಎರಡು ಸೂರ್ಯೋದಯ

ಎರಡು ಊರುಗಳ ನಡುವೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಗಂಟೆ ಅಂತ ಈಗ ಯಾರನ್ನೂ ಕೇಳಬೇಕಾಗಿಲ್ಲ. ಹೆಸರು ಟೈಪಿಸಿದರೆ ಉತ್ತರ ಬಂದು ಬೀಳುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಶ್ರೀಲಂಕಾದ ಗಾಲೆಗೆ (ಕ್ರಿಕೆಟ್ ನೋಡುವವರಿಗೆ ಗೊತ್ತಿರುವ ಅದೇ ಗಾಲೆ) ಸುಮಾರು 5,650 ಕಿ.ಮೀ. ಜೆಟ್ ವೇಗದಲ್ಲಿ ಏಳು ಗಂಟೆಯ ಹಾದಿ. ಒಂದು ಊಟ, ಒಂದು ಸಿನಿಮಾ, ಒಂದು ನಿದ್ದೆ. ಆದರೆ 1943ರಲ್ಲಿ ಇದೇ ದೂರಕ್ಕೆ 27ರಿಂದ 32 ಗಂಟೆ ಹಿಡಿಯುತ್ತಿತ್ತು. ಅದೂ ನಡುವೆ ಎಲ್ಲೂ ಇಳಿಯದೆ!

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈಸೇರಿತು. ಅದರೊಂದಿಗೆ ಆಸ್ಟ್ರೇಲಿಯಾ-ಇಂಗ್ಲೆಂಡ್ ವಿಮಾನದ ದಾರಿಯೂ ತುಂಡಾಯಿತು. ಉಳಿದದ್ದು ಹಿಂದೂ ಮಹಾಸಾಗರ ಮಾತ್ರ. ಕ್ವಾಂಟಾಸ್ ಕಂಪನಿ ಅದನ್ನೇ ದಾಟಲು ಹೊರಟಿತು, ಐದು ಕ್ಯಾಟಲಿನಾ ವಿಮಾನಗಳನ್ನು ಇಟ್ಟುಕೊಂಡು. ಇವು ನೀರಿನ ಮೇಲಿಂದ ಏರಿ ನೀರಿನ ಮೇಲೇ ಇಳಿಯುವಂಥವು. ಪರ್ತ್‌ನಲ್ಲಿ ಸ್ವಾನ್ ನದಿ, ಆ ಕಡೆ ಗಾಲೆ ಹತ್ತಿರದ ಕೊಗ್ಗಲ ಕೆರೆ, ಇವೇ ವಿಮಾನ ನಿಲ್ದಾಣಗಳು.

ವೇಗ ಗಂಟೆಗೆ 200 ಕಿ.ಮೀ. ಆಸುಪಾಸು. ನಮ್ಮ ವಂದೇ ಭಾರತ್ ರೈಲೇ ಪರೀಕ್ಷೆಯಲ್ಲಿ ಹತ್ತಿರ ಹತ್ತಿರ ಅಷ್ಟು ಓಡಿದೆ! ಸುಮಾರು 9,000 ಲೀಟರ್ ಇಂಧನ ತುಂಬಿದ ಮೇಲೆ ಜಾಗ ಉಳಿಯುತ್ತಿದ್ದದ್ದು ಮೂವರು ಪ್ರಯಾಣಿಕರಿಗೆ, 69 ಕಿಲೋ ಟಪಾಲಿಗೆ. ಭಾರ ಉಳಿಸಲು ಒಳಗಿನ ಹೊದಿಕೆಯನ್ನೂ ಕಿತ್ತುಹಾಕಿದ್ದರು. ಚಳಿ, ಕಿವಿಗಡಚಿಕ್ಕುವ ಸದ್ದು. ಕೈಯಲ್ಲಿ ಆಯುಧವಿಲ್ಲ. ಹೊರಟ ಮೊದಲ ಕೆಲವು ಗಂಟೆಗಳಲ್ಲಿ ಒಂದು ಎಂಜಿನ್ ಕೆಟ್ಟರೆ ಇನ್ನೊಂದು ಅಷ್ಟು ಭಾರ ಎತ್ತಿ ಹಿಡಿಯಲಾರದು. ಇಂಧನ ಸಮುದ್ರಕ್ಕೆ ಸುರಿಯಬೇಕು, ಅಷ್ಟೇ.

ಜಪಾನೀ ವಿಮಾನಗಳು ಸುಳಿದಾಡುವ ಭಾಗವನ್ನು ಕತ್ತಲಲ್ಲಿ ದಾಟಬೇಕಿತ್ತು. ರೇಡಿಯೋ ಮೌನ. ದಾರಿ ತೋರಿಸಲು ನಕ್ಷತ್ರಗಳೇ ಗತಿ. ವಿಮಾನಗಳಿಗೂ ನಕ್ಷತ್ರಗಳದ್ದೇ ಹೆಸರು: ವೇಗಾ, ಆಲ್ಟೇರ್, ಅಂಟಾರಿಸ್, ಸ್ಪೈಕಾ, ರೈಜೆಲ್. ಮೊದಲ ನಾಲ್ಕು ನಮಗೂ ಹೊಸಬರಲ್ಲ ನೋಡಿ, ಅಭಿಜಿತ್, ಶ್ರವಣ, ಜ್ಯೇಷ್ಠಾ, ಚಿತ್ತಾ. ಚಿತ್ತಾ ಮಳೆಯ ಲೆಕ್ಕ ಹಾಕುವ ನಮ್ಮ ರೈತನಿಗೆ ಆ ಪೈಲಟ್‌ಗಳ ಕಷ್ಟ ಬೇಗ ಅರ್ಥವಾಗುತ್ತಿತ್ತೇನೋ :-)

ಒಂದೇ ಹಾರಾಟದಲ್ಲಿ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಇಳಿದವರಿಗೆ 'ಎರಡು ಸೂರ್ಯೋದಯದ ರಹಸ್ಯ ಬಳಗ'ದ ಸದಸ್ಯತ್ವ ಪತ್ರ ಸಿಗುತ್ತಿತ್ತು. ಅತಿ ದೀರ್ಘವಾದದ್ದು 32 ಗಂಟೆ 9 ನಿಮಿಷ. 2018ರಲ್ಲಿ ಶುರುವಾದ ಪರ್ತ್-ಲಂಡನ್ ನೇರ ಹಾರಾಟ ಸುಮಾರು 14,500 ಕಿ.ಮೀ., ಅದಕ್ಕೂ 17 ಗಂಟೆ ಸಾಕು.

1945ರ ಜುಲೈ ಹೊತ್ತಿಗೆ ಕ್ಯಾಟಲಿನಾಗಳು 271 ಸಲ ಸಾಗರ ದಾಟಿದ್ದವು. ಒಂದೂ ಬೀಳಲಿಲ್ಲ. ಯುದ್ಧ ಮುಗಿದ ಮೇಲೆ, ಅಮೆರಿಕದೊಂದಿಗಿನ ಯುದ್ಧಕಾಲದ ಒಪ್ಪಂದದ ಕಾರಣಕ್ಕೆ ಅವನ್ನು ಇಟ್ಟುಕೊಳ್ಳುವಂತಿರಲಿಲ್ಲ. ನಾಲ್ಕನ್ನು ಪರ್ತ್ ಎದುರಿನ ರಾಟ್‌ನೆಸ್ಟ್ ದ್ವೀಪದಾಚೆ ಎಳೆದೊಯ್ದು ಮುಳುಗಿಸಿದರು. ಐದನೆಯದನ್ನು ಸಿಡ್ನಿಯ ಹತ್ತಿರ.